ಅದೇ ಕನಸು ಮತ್ತೆ ಮತ್ತೆ ಬೀಳುತ್ತಿದೆಯಾ? ಅರ್ಥ ಹುಡುಕುವ ಕ್ರಮ ಹೀಗಿದೆ

"ಓದು ಮುಗಿದು ಇಪ್ಪತ್ತು ವರ್ಷವಾಯಿತು, ಈಗಲೂ ಎಸ್ಸೆಸ್ಸೆಲ್ಸಿ ಗಣಿತ ಪೇಪರಿನ ಕನಸು ಬೀಳುತ್ತದೆ. ಯಾಕೆ?" "ತೀರಿಕೊಂಡ ಅಮ್ಮ ಕನಸಿನಲ್ಲಿ ಬಂದು ಊಟ ಕೇಳುತ್ತಾರೆ. ಗೋಕರ್ಣಕ್ಕೆ ಹೋಗಿ ಏನಾದರೂ ಮಾಡಿಸಬೇಕಾ?" "ಹಾವು ಅಟ್ಟಿಸಿಕೊಂಡು ಬರುತ್ತದೆ. ನಾಗದೋಷ ಅಂದರು, ಹೌದಾ?"

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದಲೂ ಓದುಗರು ಕೇಳುವುದು ಸುತ್ತಿ ಬಳಸಿ ಇದನ್ನೇ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಹಾವು ಅಂದರೆ ಇದು, ನೀರು ಅಂದರೆ ಅದು, ಹಲ್ಲು ಬಿದ್ದರೆ ಮನೆಯಲ್ಲಿ ಸಾವು ಅನ್ನುವಂಥ ಪಟ್ಟಿ ಇಲ್ಲಿ ಸಿಗುವುದಿಲ್ಲ. ಅಂಥ ಪಟ್ಟಿಗಳ ಮೇಲೆ ನನಗೆ ನಂಬಿಕೆಯೂ ಇಲ್ಲ. ಈ ಕನಸು ನನಗೇ ಯಾಕೆ, ಈಗಲೇ ಯಾಕೆ ಅನ್ನುವುದನ್ನು ನೀವೇ ಪತ್ತೆ ಮಾಡಿಕೊಳ್ಳಬಹುದು. ಅದಕ್ಕೆ ಬೇಕಾದ್ದು ಒಂದು ನೋಟ್‌ಬುಕ್ಕು ಮತ್ತು ಒಂದೂವರೆ ತಿಂಗಳ ತಾಳ್ಮೆ.

ಮೊದಲು ಇಷ್ಟು ತಿಳಿದುಕೊಳ್ಳಿ

ನಿದ್ದೆ ಇಡೀ ರಾತ್ರಿ ಒಂದೇ ಥರ ಇರುವುದಿಲ್ಲ. ಸುಮಾರು 90 ನಿಮಿಷಕ್ಕೊಂದು ಸುತ್ತು. ಪ್ರತಿ ಸುತ್ತಿನ ಕೊನೆಗೆ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಚುರುಕಾಗಿ ಆಡುವ ಹೊತ್ತು ಬರುತ್ತದೆ. ಇದಕ್ಕೆ ರೆಮ್ ನಿದ್ದೆ ಎನ್ನುತ್ತಾರೆ. 1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಯುಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಇದನ್ನು ಗುರುತಿಸಿ ಬರೆದರು. ಕಣ್ಣಿಗೆ ಕಟ್ಟಿದಂಥ ಕನಸುಗಳು ಬೀಳುವುದು ಹೆಚ್ಚಾಗಿ ಆಗಲೇ. ರಾತ್ರಿ ಕಳೆದ ಹಾಗೆ ಈ ಹೊತ್ತು ಉದ್ದವಾಗುತ್ತದೆ, ಬೆಳಗಿನ ಜಾವಕ್ಕೆ ಎಲ್ಲಕ್ಕಿಂತ ಜಾಸ್ತಿ.

ಬೆಳಗಿನ ಜಾವದ ಕನಸು ನಿಜವಾಗುತ್ತದೆ ಅಂತ ಅಜ್ಜಿಯಂದಿರು ಹೇಳುತ್ತಿದ್ದರು ಅಲ್ವಾ? ನಿಜವಾಗುವುದಕ್ಕಿಂತ, ನೆನಪಿರುವುದು ಜಾಸ್ತಿ. ಕನಸು ನಡೆಯುತ್ತಿರುವಾಗಲೇ ಕೋಳಿ ಕೂಗಿ, ಹಾಲಿನವನು ಬಂದು ಎಚ್ಚರವಾಗುತ್ತದಲ್ಲ, ಅದಕ್ಕೆ.

ಇನ್ನೊಂದು ಸಮಾಧಾನ. ಒಂದೇ ಕನಸು ಮರಳಿ ಬೀಳುವುದು ಕಾಯಿಲೆಯಲ್ಲ. ದೊಡ್ಡವರಲ್ಲಿ ಹೆಚ್ಚಿನವರಿಗೆ ಬದುಕಿನಲ್ಲಿ ಯಾವಾಗಲಾದರೂ ಹೀಗೆ ಆಗಿಯೇ ಇರುತ್ತದೆ. ಅಟ್ಟಿಸಿಕೊಂಡು ಬರುವುದು, ಎತ್ತರದಿಂದ ಬೀಳುವುದು, ಪರೀಕ್ಷೆ, ಹಲ್ಲು ಉದುರುವುದು, ಬಸ್ಸು ತಪ್ಪುವುದು, ಇವು ಯಾವ ದೇಶಕ್ಕೆ ಹೋದರೂ ಸಿಗುವ ಕನಸುಗಳು.

ಹಂತ 1: ಎದ್ದ ತಕ್ಷಣ ಬರೆಯಿರಿ

ಕನಸು ಕೆಲವೇ ನಿಮಿಷದಲ್ಲಿ ಕರಗಿ ಹೋಗುತ್ತದೆ. ಹಾಗಾಗಿ ನೋಟ್‌ಬುಕ್ಕು, ಪೆನ್ನು ದಿಂಬಿನ ಪಕ್ಕದಲ್ಲೇ ಇರಲಿ. ಒಂದು ಸಣ್ಣ ಬ್ಯಾಟರಿಯೂ ಇರಲಿ, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತೇ ಇದೆ. ಎಚ್ಚರವಾದ ಕೂಡಲೇ ಮಗ್ಗಲು ಬದಲಿಸಬೇಡಿ. ಕಣ್ಣು ಮುಚ್ಚಿಕೊಂಡೇ ಕೊನೆಯ ದೃಶ್ಯ ಹಿಡಿದುಕೊಳ್ಳಿ, ಅಲ್ಲಿಂದ ಹಿಂದಕ್ಕೆ ಹೋಗಿ. ಆಮೇಲೆ ಬರೆಯಿರಿ.

ಫೋನಿನಲ್ಲಿ ಬರೆಯುತ್ತೇನೆ ಅನ್ನುವವರು ಹೆಚ್ಚಾಗಿ ಸೋಲುತ್ತಾರೆ. ಫೋನ್ ಕೈಗೆ ಬಂದರೆ ಮೊದಲು ವಾಟ್ಸಾಪ್, ಅಷ್ಟರಲ್ಲಿ ಕನಸು ಮಾಯ.

ಬರೆಯುವುದು ಹೇಗೆ? ಕಥೆ ಬೇಡ, ಟಿಪ್ಪಣಿ ಸಾಕು. ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಶಿರಸಿ ಕಡೆಯ ಹಳ್ಳಿಯೊಂದರ ಸೊಸೈಟಿಯಲ್ಲಿ ಗುಮಾಸ್ತರಾಗಿರುವ ಒಬ್ಬರಿಗೆ ಪರೀಕ್ಷೆಯ ಕನಸು ಬೀಳುತ್ತದೆ ಅಂದುಕೊಳ್ಳಿ. ಅವರ ಪುಟ ಹೀಗಿರಬಹುದು:

"ಮಂಗಳವಾರ, ಬೆಳಗ್ಗೆ 5ರ ಸುಮಾರು. ಹೈಸ್ಕೂಲಿನ ಕೋಣೆ. ಗಣಿತ ಪೇಪರ್. ಪೆನ್ನು ಬರೆಯುತ್ತಿಲ್ಲ. ಪಕ್ಕದವನ ಹತ್ತಿರ ಕೇಳಲು ಬಾಯಿ ಬರುತ್ತಿಲ್ಲ. ಮೇಷ್ಟ್ರು ನನ್ನ ಹಿಂದೆಯೇ ನಿಂತಿದ್ದಾರೆ, ಮುಖ ಕಾಣುವುದಿಲ್ಲ. ಎದ್ದಾಗ ಭಾವನೆ: ಹೆದರಿಕೆ ಅಲ್ಲ, ನಾಚಿಕೆ. 10ಕ್ಕೆ 7. ನಿನ್ನೆ: ಆಡಿಟರ್ ಫೋನ್ ಮಾಡಿದ್ದರು. ರಾತ್ರಿ 10 ಗಂಟೆಗೆ ಊಟ."

ದಿನ, ಹೊತ್ತು, ದೃಶ್ಯ, ಭಾವನೆ, ಅದರ ತೀವ್ರತೆಗೆ ಹತ್ತಕ್ಕೆ ಒಂದು ಅಂಕ, ಹಿಂದಿನ ದಿನದ ಒಂದೆರಡು ಸಂಗತಿ. ಇಷ್ಟೇ. ಕನಸು ಬೀಳದ ದಿನವೂ "ಇಲ್ಲ" ಅಂತ ಬರೆಯಿರಿ, ಅದೂ ಮುಂದೆ ಕೆಲಸಕ್ಕೆ ಬರುತ್ತದೆ.

ಎಚ್ಚರಿಕೆ: ಬರೆಯುವಾಗ ತಿದ್ದಬೇಡಿ. ಅರ್ಧ ನೆನಪಿದ್ದರೆ ಅರ್ಧವೇ ಬರೆಯಿರಿ. ಖಾಲಿ ಜಾಗವನ್ನು ತುಂಬುವ ಚಾಳಿ ಎಲ್ಲರಿಗೂ ಇರುತ್ತದೆ. ಹಾಗೆ ತುಂಬಿದ್ದು ಕನಸಲ್ಲ, ನಿಮ್ಮ ಕಥೆ. ಮನೆಯವರು ಓದುತ್ತಾರೆ ಅನ್ನುವ ಅಳುಕಿದ್ದರೆ ಪುಸ್ತಕ ಬೀಗ ಹಾಕಿಡಿ.

ಹಂತ 2: ಮೈಯ ಕಾರಣಗಳನ್ನು ಮೊದಲು ನೋಡಿ

ಅರ್ಥ ಹುಡುಕುವ ಮುಂಚೆ ಇದನ್ನು ಮಾಡಿ. ಇದು ಸಪ್ಪೆ ಅನ್ನಿಸುತ್ತದೆ, ಅದಕ್ಕೇ ಜನ ಬಿಟ್ಟುಬಿಡುತ್ತಾರೆ. ಶೌಚಾಲಯ ಹುಡುಕಿ ಹುಡುಕಿ ಸಿಗದ ಕನಸಿಗೆ ಎಷ್ಟೋ ಸಲ ಮೂತ್ರಕೋಶ ತುಂಬಿರುವುದೇ ಕಾರಣ. ಏಪ್ರಿಲ್, ಮೇ ಸೆಕೆಯಲ್ಲಿ ಕರಾವಳಿಯಲ್ಲಿ ನಿದ್ದೆ ನಾಲ್ಕು ಸಲ ಒಡೆಯುತ್ತದೆ. ನಿದ್ದೆ ಒಡೆದಷ್ಟೂ ಕನಸು ನೆನಪಿರುತ್ತದೆ. ಕನಸು ಜಾಸ್ತಿಯಾಯಿತು ಅಂತ ನಮಗೆ ಅನ್ನಿಸುತ್ತದೆ, ಅಷ್ಟೇ.

ಮದ್ಯದ ವಿಷಯ ಬೇರೆ. ರಾತ್ರಿ ಕುಡಿದು ಮಲಗಿದರೆ ಮೊದಲರ್ಧ ರೆಮ್ ನಿದ್ದೆ ಕಡಿಮೆಯಾಗುತ್ತದೆ, ಬೆಳಗಿನ ಹೊತ್ತಿಗೆ ಅದು ನುಗ್ಗಿ ಬರುತ್ತದೆ. ದಿನಾ ಕುಡಿಯುತ್ತಿದ್ದವರು ಬಿಟ್ಟ ಶುರುವಿನಲ್ಲಂತೂ ಕನಸುಗಳು ಭಯಂಕರವಾಗಿರಬಹುದು. ಅದಕ್ಕೆ ಹೆದರಿ ಮತ್ತೆ ಬಾಟಲಿ ಹಿಡಿಯುವವರಿದ್ದಾರೆ. ತುಂಬಾ ವರ್ಷದ ಚಟವಾಗಿದ್ದರೆ ಬಿಡುವ ಮುಂಚೆಯೇ ವೈದ್ಯರನ್ನು ಕಾಣಿ, ಒಮ್ಮೆಲೇ ಬಿಡುವುದು ಜೀವಕ್ಕೂ ಅಪಾಯ.

ಮಾತ್ರೆಗಳನ್ನೂ ನೋಡಿ. ಬಿಪಿ ಮತ್ತು ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್ ಗುಂಪಿನ ಕೆಲವು ಮಾತ್ರೆಗಳು, ಖಿನ್ನತೆಯ ಕೆಲವು ಮಾತ್ರೆಗಳು ಕನಸನ್ನು ಗಾಢ ಮಾಡುತ್ತವೆ. ಮಾತ್ರೆ ಶುರುವಾದ ತಾರೀಖಿಗೂ ಕನಸು ಶುರುವಾದ ತಾರೀಖಿಗೂ ತಾಳೆ ಬೀಳುತ್ತದಾ ನೋಡಿ. ತಾಳೆಯಾದರೆ ವೈದ್ಯರಿಗೆ ಹೇಳಿ. ನೀವಾಗಿ ನಿಲ್ಲಿಸಬೇಡಿ.

ಹಂತ 3: ಚಿತ್ರ ಬಿಡಿ, ಭಾವನೆ ಹಿಡಿಯಿರಿ

ಇಡೀ ಲೇಖನದಲ್ಲಿ ಒಂದೇ ಹಂತ ನೆನಪಿಟ್ಟುಕೊಳ್ಳುತ್ತೀರಾದರೆ ಇದನ್ನು ಇಟ್ಟುಕೊಳ್ಳಿ.

ಎತ್ತರದಿಂದ ಬೀಳುವ ಕನಸನ್ನೇ ತೆಗೆದುಕೊಳ್ಳಿ. ಅಡಿಕೆ ಮರ ಹತ್ತುವ ಕೊನೆಗೌಡನಿಗೆ ಈ ಕನಸು ಬಿದ್ದರೆ ಅದರಲ್ಲಿ ಗೂಢಾರ್ಥ ಏನಿದೆ? ಮಳೆಯಲ್ಲಿ ಮರ ಜಾರುತ್ತದೆ, ಮೇಲೆ ಮದ್ದು ಹೊಡೆಯಬೇಕು, ಕೆಳಗೆ ನೋಡಿದರೆ ಐವತ್ತಡಿ ಆಳ. ಅವನದು ಕೆಲಸದ ಭಯ. ಅದೇ ಕನಸು ಕಾರವಾರದಲ್ಲಿ ಹೊಸದಾಗಿ ಬಡ್ತಿ ಸಿಕ್ಕಿದ ಅಧಿಕಾರಿಗೆ ಬಿದ್ದರೆ? ಅವರು ಮರವನ್ನೇ ಹತ್ತಿದವರಲ್ಲ. ಅವರ ಹತ್ತಿರ ಕೇಳಬೇಕಾದ್ದು "ಎಲ್ಲಿಂದ ಬಿದ್ದಿರಿ" ಅಂತಲ್ಲ, "ಬೀಳುವಾಗ ಏನನ್ನಿಸಿತು" ಅಂತ. ಹೆದರಿಕೆಯಾ? ಯಾರೂ ಹಿಡಿಯಲಿಲ್ಲ ಅನ್ನುವ ಸಿಟ್ಟಾ? ಅಬ್ಬಾ ಮುಗಿಯಿತು ಅನ್ನುವ ನಿರಾಳವಾ? ಮೂರಕ್ಕೂ ಅರ್ಥ ಬೇರೆ ಬೇರೆ. ಪಟ್ಟಿ ನೋಡಿ ಅರ್ಥ ಹೇಳುವುದು ಸೋಲುವುದು ಇಲ್ಲೇ.

ಮಾಡುವುದು ಹೀಗೆ. ಕನಸಿನ ಭಾವನೆಯನ್ನು ಒಂದು ಸಾಲಿನಲ್ಲಿ ಬರೆಯಿರಿ, ಆ ಸಾಲಿನಲ್ಲಿ ಕನಸಿನ ಯಾವ ವಸ್ತುವೂ ಬರಬಾರದು. ಪೆನ್ನು, ಪೇಪರು, ಮೇಷ್ಟ್ರು, ಎಲ್ಲ ತೆಗೆಯಿರಿ. ಗುಮಾಸ್ತರ ಸಾಲು ಹೀಗಾಗುತ್ತದೆ: "ನನ್ನ ಕೆಲಸ ಪೂರ್ತಿಯಾಗಿಲ್ಲ, ಯಾರೋ ನೋಡುತ್ತಿದ್ದಾರೆ, ಸಹಾಯ ಕೇಳಲು ಆಗುತ್ತಿಲ್ಲ." ಈಗ ಆ ಸಾಲನ್ನು ಹಿಡಿದುಕೊಂಡು ಹಗಲಿನ ಬದುಕನ್ನು ನೋಡಿ. ಹೀಗೇ ಅನ್ನಿಸುವ ಜಾಗ ಯಾವುದು? ಮನೆಯಾ, ಕಚೇರಿಯಾ, ಅಣ್ಣ ತಮ್ಮಂದಿರ ಹಿಸ್ಸೆಯ ಮಾತುಕತೆಯಾ?

ಮೊದಲ ಉತ್ತರಕ್ಕೆ ನಿಲ್ಲಬೇಡಿ. ಮೊದಲು ಬರುವುದು ಹೇಳಲು ಸುಲಭವಾದದ್ದು. ಎರಡು ಮೂರು ಜಾಗ ಬರೆದಿಡಿ, ಯಾವುದು ಅಂತ ಮುಂದಿನ ಹಂತ ಹೇಳುತ್ತದೆ.

ಕೆಲವು ಕನಸಿಗೆ ಇಷ್ಟು ಸರ್ಕಸ್ಸೂ ಬೇಡ. ಸೂಪಾ ಅಣೆಕಟ್ಟಿನಿಂದ ಊರು ಮುಳುಗಿದವರು, ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟು ಕಾಲೊನಿಗೆ ಬಂದವರು ಈ ಜಿಲ್ಲೆಯಲ್ಲಿ ಬಹಳ. ಅಂಥವರಿಗೆ ಹಳೆ ಮನೆಯ ಅಂಗಳ, ಬಾವಿಕಟ್ಟೆ ಮತ್ತೆ ಮತ್ತೆ ಕಂಡರೆ ಅದು ಬಿಟ್ಟು ಬಂದ ಮನೆಯೇ. ಬೇರೇನೂ ಅಲ್ಲ.

ಹಂತ 4: ತಾರೀಖು ಹೊಂದಿಸಿ

ನಾಲ್ಕರಿಂದ ಆರು ವಾರ ಬರೆದ ಮೇಲೆ ಗೋಡೆಯ ಕ್ಯಾಲೆಂಡರ್ ತೆಗೆದುಕೊಂಡು ಕೂರಿ. ಕನಸು ಬಿದ್ದ ದಿನಕ್ಕೆ ಒಂದು ಚುಕ್ಕೆ ಹಾಕಿ. ನಂತರ ಬೇರೆ ಬಣ್ಣದಲ್ಲಿ ಆ ದಿನಗಳ ಆಸುಪಾಸಿನ ಸಂಗತಿಗಳನ್ನು ಗುರುತಿಸಿ: ಸಂಬಳ, ಸಾಲದ ಕಂತು, ಜಗಳ, ಪ್ರಯಾಣ, ಮುಟ್ಟು, ಮಕ್ಕಳ ಪರೀಕ್ಷೆ, ಯಾರದ್ದೋ ಫೋನು.

ಬೋಟಿನ ಕೆಲಸದವರಿಗೆ ಇದು ಎದ್ದು ಕಾಣಬಹುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್. ದುಡಿಮೆ ನಿಲ್ಲುತ್ತದೆ, ಬಡ್ಡಿ ನಿಲ್ಲುವುದಿಲ್ಲ. ಬಲೆ ಎಳೆದರೆ ಖಾಲಿ ಬರುವ ಕನಸು ಆ 61 ದಿನಗಳಲ್ಲೇ ಗುಂಪಾಗಿ ಬಿದ್ದರೆ ಅದು ಸಮುದ್ರದ ಮಾತಲ್ಲ, ಮನೆ ಖರ್ಚಿನ ಮಾತು.

ನಮ್ಮ ಗುಮಾಸ್ತರ ಚುಕ್ಕೆಗಳು ಆಡಿಟ್ ಹತ್ತಿರ ಬಂದಾಗ ಸೇರಿಕೊಂಡಿವೆ ಅಂತಿಟ್ಟುಕೊಳ್ಳಿ. ಅಷ್ಟಕ್ಕೆ "ಆಡಿಟ್ ಟೆನ್ಷನ್" ಅಂತ ಮುಚ್ಚಿಡಬೇಡಿ. ಆಡಿಟ್ ಪ್ರತಿ ವರ್ಷ ಇರುತ್ತದೆ, ಕನಸು ಈ ವರ್ಷ ಯಾಕೆ? ಸ್ವಲ್ಪ ಕೆದಕಿದರೆ ಒಂದು ಸಾಲದ ಫೈಲು ಸಿಗುತ್ತದೆ. ಜಾಮೀನುದಾರರ ಸಹಿ ಇಲ್ಲ. ತಪ್ಪು ಇವರದ್ದಲ್ಲ, ಇವರಿಗಿಂತ ಹಿಂದೆ ಇದ್ದವರದ್ದು. ಆದರೆ ಉತ್ತರ ಕೊಡಬೇಕಾದವರು ಇವರು, ಯಾರಿಗೂ ಇನ್ನೂ ಹೇಳಿಲ್ಲ. "ಪಕ್ಕದವನ ಹತ್ತಿರ ಕೇಳಲು ಬಾಯಿ ಬರುತ್ತಿಲ್ಲ" ಅನ್ನುವ ಸಾಲು ಈಗ ಓದಿ ನೋಡಿ. ಇಂಥಲ್ಲಿ ಕನಸಿಗೆ ಮದ್ದು ನಿದ್ದೆಯಲ್ಲಿಲ್ಲ. ನಾಳೆ ಬೆಳಗ್ಗೆ ಕಾರ್ಯದರ್ಶಿಗಳ ಹತ್ತಿರ ಹೋಗಿ ಆ ಫೈಲು ತೋರಿಸುವುದರಲ್ಲಿದೆ.

ಎಚ್ಚರಿಕೆ: ಎರಡು ಚುಕ್ಕೆ ಕೂಡಿದ ಕೂಡಲೇ ತೀರ್ಮಾನಕ್ಕೆ ಬರಬೇಡಿ. ಅದಕ್ಕೇ "ಇಲ್ಲ" ಅಂತ ಬರೆದ ದಿನಗಳು ಬೇಕು ಅಂದದ್ದು. ಅತ್ತೆ ಬಂದ ದಿನ ಕೆಟ್ಟ ಕನಸು ಬಿತ್ತು ಅನ್ನುವ ಮುಂಚೆ, ಅತ್ತೆ ಬಂದೂ ಕನಸು ಬೀಳದ ದಿನ ಎಷ್ಟಿವೆ ನೋಡಿ. ಏನೂ ತಾಳೆಯಾಗದಿದ್ದರೆ ಅದೂ ಒಂದು ಉತ್ತರವೇ. ಎಲ್ಲ ಕನಸಿಗೂ ಅರ್ಥ ಇರಲೇಬೇಕು ಅಂತ ಕಾನೂನಿಲ್ಲ.

ಹಂತ 5: ಸ್ವಪ್ನಫಲ, ನಾಗದೋಷ, ಗೋಕರ್ಣ

ಇದನ್ನು ಬಿಟ್ಟು ಬರೆದರೆ ನೀವು ಮತ್ತೆ ಇದನ್ನೇ ಕೇಳುತ್ತೀರಿ, ನನಗೆ ಗೊತ್ತು.

ಹಳೆಯವರು ಎಲ್ಲ ಕನಸಿಗೂ ಫಲ ಹೇಳುತ್ತಿದ್ದರು ಅನ್ನುವುದು ಸರಿಯಲ್ಲ. ಚರಕ ಸಂಹಿತೆಯ ಇಂದ್ರಿಯಸ್ಥಾನದಲ್ಲಿ ಕನಸಿನಲ್ಲಿ ಏಳು ಬಗೆ ಹೇಳಿದೆ: ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು, ಮುಂದಾಗುವುದನ್ನು ಸೂಚಿಸುವುದು, ಕೊನೆಗೆ ದೋಷಜ, ಅಂದರೆ ವಾತ ಪಿತ್ತ ಕಫದ ಏರುಪೇರಿನಿಂದ ಬರುವುದು. ಇವುಗಳಲ್ಲಿ ಮೊದಲ ಐದಕ್ಕೆ ಫಲವಿಲ್ಲ ಎಂದು ಅಲ್ಲೇ ಇದೆ. ನಿಮ್ಮ ನೋಟ್‌ಬುಕ್ಕಿನ ಹೆಚ್ಚಿನ ಕನಸುಗಳು ಆ ಐದರೊಳಗೇ ಬರುತ್ತವೆ. ಹಾವಿನ ಕನಸೂ ಅಷ್ಟೇ. ನಮ್ಮಲ್ಲಿ ತೋಟಕ್ಕೆ ಹೋದರೆ ಹಾವು, ಕಟ್ಟಿಗೆ ರಾಶಿಯಲ್ಲಿ ಹಾವು, ಊರಿಗೊಂದು ನಾಗನ ಕಟ್ಟೆ. ಹಾವು ಕನಸಿನಲ್ಲಿ ಬರದಿದ್ದರೇ ಆಶ್ಚರ್ಯ.

ತೀರಿಕೊಂಡವರು ಕನಸಿನಲ್ಲಿ ಬರುವುದು ದುಃಖದ ಸಹಜ ಭಾಗ. ವರ್ಷಗಳ ನಂತರವೂ ಬರಬಹುದು. ಅಮ್ಮ ಊಟ ಕೇಳಿದರೆ, ಕೊನೆಗಾಲದಲ್ಲಿ ಸರಿಯಾಗಿ ನೋಡಿಕೊಳ್ಳಲಿಲ್ಲ ಅನ್ನುವ ಕೊರಗು ಇದೆಯಾ ಕೇಳಿಕೊಳ್ಳಿ. ಇದ್ದರೆ ಅಕ್ಕ ತಂಗಿಯರ ಹತ್ತಿರ ಕೂತು ಮಾತಾಡಿ. ಗೋಕರ್ಣಕ್ಕೆ ಹೋಗಿ ತಿಲತರ್ಪಣ ಬಿಟ್ಟು ಬಂದರೆ ಮನಸ್ಸು ಹಗುರಾಗುತ್ತದೆ ಅನ್ನಿಸಿದರೆ ಹೋಗಿ ಬನ್ನಿ, ಅದರಲ್ಲಿ ತಪ್ಪೇನಿಲ್ಲ. ಆದರೆ "ಮಾಡಿಸದಿದ್ದರೆ ಮನೆಗೆ ಕೆಡುಕು" ಅಂತ ಹೆದರಿಸಿ ದೊಡ್ಡ ಮೊತ್ತ ಹೇಳುವವರು ಸಿಕ್ಕರೆ ಎದ್ದು ಬನ್ನಿ. ಕನಸಿನ ಸಲುವಾಗಿ ಸಾಲ ಮಾಡಬೇಡಿ.

ಹಂತ 6: ಕನಸಿನ ಕೊನೆ ಬದಲಿಸಿ

ಅರ್ಥ ಗೊತ್ತಾದರೂ ಕೆಲವು ಕನಸು ನಿಲ್ಲುವುದಿಲ್ಲ, ಅಭ್ಯಾಸವಾಗಿಬಿಟ್ಟಿರುತ್ತದೆ. ಅದಕ್ಕೆ ಒಂದು ಒಳ್ಳೆಯ ವಿಧಾನವಿದೆ: ಕನಸನ್ನು ಹಗಲಿನಲ್ಲೇ ತಿದ್ದಿ ಬರೆದು ತಾಲೀಮು ಮಾಡುವುದು. ಅಮೆರಿಕದ ವೈದ್ಯ ಬ್ಯಾರಿ ಕ್ರಾಕೋವ್ ಮತ್ತು ಜೊತೆಗಾರರು ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಹಿಳೆಯರ ದುಃಸ್ವಪ್ನಗಳಿಗೆ ಇದನ್ನು ಬಳಸಿ, ಗುಣ ಕಂಡದ್ದನ್ನು 2001ರಲ್ಲಿ ಪ್ರಕಟಿಸಿದರು. ಇವತ್ತು ನಿದ್ರಾ ತಜ್ಞರು ದುಃಸ್ವಪ್ನಕ್ಕೆ ಶಿಫಾರಸು ಮಾಡುವ ಮುಖ್ಯ ಚಿಕಿತ್ಸೆಗಳಲ್ಲಿ ಇದೂ ಒಂದು.

ಮೊದಲು ಒಂದು ಸಣ್ಣ ಕನಸು ಆರಿಸಿಕೊಳ್ಳಿ, ಎಲ್ಲಕ್ಕಿಂತ ಭಯಾನಕವಾದದ್ದು ಬೇಡ. ಅದರಲ್ಲಿ ಎಲ್ಲಿ ಬೇಕಾದರೂ ನಿಮಗಿಷ್ಟ ಬಂದ ಹಾಗೆ ಬದಲಿಸಿ. ಸಿನಿಮಾ ಹೀರೋ ಥರ ಗೆಲ್ಲಬೇಕಾಗಿಲ್ಲ. ಗುಮಾಸ್ತರು ಕಿಸೆಗೆ ಕೈ ಹಾಕಿದರೆ ಇನ್ನೊಂದು ಪೆನ್ನು ಸಿಗುತ್ತದೆ, ಅಥವಾ ಹಿಂದೆ ತಿರುಗಿ ನೋಡಿದರೆ ಮೇಷ್ಟ್ರು ತಮ್ಮ ಮೊದಲ ಕ್ಲಾಸಿನ ಮೇಷ್ಟ್ರೇ, "ನಿಂದು ಯಾವಾಗಲೋ ಪಾಸಾಗಿದೆಯಲ್ಲೋ" ಅನ್ನುತ್ತಾರೆ. ಹೊಸ ಕನಸನ್ನು ಪೂರ್ತಿ ಬರೆಯಿರಿ. ದಿನಕ್ಕೆ 10ರಿಂದ 20 ನಿಮಿಷ ಕಣ್ಣು ಮುಚ್ಚಿ ಅದನ್ನು ನೋಡಿ. ಹಳೆಯದನ್ನು ಮೆಲುಕು ಹಾಕಬೇಡಿ, ಹೊಸದನ್ನು ಮಾತ್ರ. ಕೆಲವು ವಾರ ಬಿಡದೆ ಮಾಡಿ.

ಕನಸು ನೀವು ಬರೆದ ಹಾಗೇ ಬೀಳಬೇಕು ಅಂತ ಕಾಯಬೇಡಿ. ಹಾಗೆ ಬೀಳುವುದು ಅಪರೂಪ. ಅಪ್ಪಳಿಸುವುದು ಕಡಿಮೆಯಾಯಿತಾ, 7 ಇದ್ದ ಅಂಕ 4ಕ್ಕೆ ಇಳಿಯಿತಾ, ಅದನ್ನು ನೋಡಿ.

ಎಚ್ಚರಿಕೆ: "ಇವತ್ತು ಅದು ಬರಬಾರದು, ಬರಬಾರದು" ಅಂದುಕೊಂಡು ಮಲಗಬೇಡಿ. ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದ್ದು ಇದನ್ನೇ: ಮಲಗುವ ಮುಂಚೆ ಯಾವ ವ್ಯಕ್ತಿಯನ್ನು ನೆನೆಯಬಾರದು ಎಂದು ಒತ್ತಿ ಹಿಡಿದರೋ, ಅವರೇ ಕನಸಿನಲ್ಲಿ ಹೆಚ್ಚು ಬಂದರು.

ಹಂತ 7: ಯಾವಾಗ ವೈದ್ಯರ ಹತ್ತಿರ ಹೋಗಬೇಕು

ನಿಜವಾಗಿ ನಡೆದದ್ದೇ ಕನಸಿನಲ್ಲಿ ಮರಳಿ ಮರಳಿ ಬಂದರೆ ಮೇಲಿನ ಹಂತಗಳನ್ನು ಒಬ್ಬರೇ ಮಾಡಬೇಡಿ. 2019ರ ಆಗಸ್ಟ್‌ನಲ್ಲಿ ಕಾಳಿ ನದಿ ಮನೆಯೊಳಗೆ ನುಗ್ಗಿದ್ದನ್ನು ಕಂಡವರು, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ತಮ್ಮವರನ್ನು ಕಳೆದುಕೊಂಡವರು, ಅಪಘಾತ ಅಥವಾ ಹಲ್ಲೆ ಅನುಭವಿಸಿದವರು, ಇವರ ಕನಸಿಗೆ ಅರ್ಥ ಹುಡುಕುವ ಅಗತ್ಯವಿಲ್ಲ. ಅರ್ಥ ಗೊತ್ತೇ ಇದೆ. ಬೇಕಾದ್ದು ಚಿಕಿತ್ಸೆ, ಅದು ಸಿಗುತ್ತದೆ.

ಐವತ್ತು ದಾಟಿದವರು, ಅದರಲ್ಲೂ ಗಂಡಸರು, ನಿದ್ದೆಯಲ್ಲೇ ಕೂಗುವುದು, ಒದೆಯುವುದು, ಮಂಚದಿಂದ ಬೀಳುವುದು ಶುರುವಾದರೆ ನರರೋಗ ತಜ್ಞರನ್ನು ಕಾಣಿ. ಕನಸು ಬೀಳುವಾಗ ಮೈ ಸಡಿಲವಾಗಿ ಅಲ್ಲಾಡದೆ ಇರಬೇಕು. ಆ ತಡೆ ಹೋಗಿದ್ದರೆ ಹೀಗಾಗುತ್ತದೆ, ಮುಂದೆ ಬರಬಹುದಾದ ಪಾರ್ಕಿನ್ಸನ್‌ನಂಥ ಕಾಯಿಲೆಯ ಮುನ್ಸೂಚನೆಯೂ ಆಗಿರಬಹುದು. ಇದರ ಉಲ್ಟಾ ಇನ್ನೊಂದಿದೆ: ಎಚ್ಚರವಾಗಿದೆ, ಆದರೆ ಕೈಕಾಲು ಆಡುವುದಿಲ್ಲ, ಎದೆ ಮೇಲೆ ಯಾರೋ ಕೂತ ಹಾಗೆ. ಮೈಯ ತಡೆ ಬಿಡುವುದು ಸ್ವಲ್ಪ ತಡವಾಗುವುದರಿಂದ ಹೀಗೆ. ದೆವ್ವ ಅಲ್ಲ, ಸಾಮಾನ್ಯವಾಗಿ ಅಪಾಯವೂ ಇಲ್ಲ. ಜೋರು ಗೊರಕೆಯ ಜೊತೆ ಉಸಿರುಗಟ್ಟುವ, ಮುಳುಗುವ ಕನಸು ಬೀಳುತ್ತಿದ್ದರೆ ಮಾತ್ರ ನಿದ್ದೆಯಲ್ಲಿ ಉಸಿರು ನಿಲ್ಲುತ್ತಿದೆಯಾ ಅಂತ ಪರೀಕ್ಷೆ ಮಾಡಿಸಿ.

ಮಕ್ಕಳು ಮಲಗಿದ ಸ್ವಲ್ಪ ಹೊತ್ತಿಗೇ ಚೀರಿ ಎದ್ದು, ನಿಮ್ಮನ್ನೂ ಗುರುತಿಸದೆ, ಬೆಳಗ್ಗೆ ಏನೂ ನೆನಪಿಲ್ಲ ಅಂದರೆ ಅದು ಕನಸಲ್ಲ, ಗಾಢ ನಿದ್ದೆಯಲ್ಲಿ ಬರುವ ಭೀತಿ. ಅಲುಗಾಡಿಸಿ ಎಬ್ಬಿಸಬೇಡಿ, ಬೀಳದ ಹಾಗೆ ನೋಡಿಕೊಳ್ಳಿ. ಹೆಚ್ಚಿನ ಮಕ್ಕಳಿಗೆ ದೊಡ್ಡವರಾಗುತ್ತ ತಾನಾಗಿ ಹೋಗುತ್ತದೆ.

ಕನಸಿಗೆ ಹೆದರಿ ಮಲಗಲಿಕ್ಕೇ ಬೇಡ ಅನ್ನಿಸಿದರೆ, ಬದುಕೇ ಬೇಡ ಅನ್ನುವ ಯೋಚನೆ ಬಂದರೆ ಇವತ್ತೇ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. ಸರ್ಕಾರದ ಉಚಿತ ಸಹಾಯವಾಣಿ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನೇರವಾಗಿ ಕಾಣಲು ಕಾರವಾರದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ಘಟ್ಟದ ಮೇಲಿನವರಿಗೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಡಿಮ್ಹಾನ್ಸ್, ಅನುಕೂಲ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತ ಮೊದಲೇ ವಿಚಾರಿಸಿಕೊಳ್ಳಿ, ಒಂದು ಬಸ್ಸಿನ ಓಡಾಟ ಉಳಿಯುತ್ತದೆ.

ಹೋಗುವಾಗ ನೋಟ್‌ಬುಕ್ಕು ಮತ್ತು ನೀವು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹಾಳೆಗಳನ್ನು ಚೀಲಕ್ಕೆ ಹಾಕಿಕೊಳ್ಳಿ, ಆಯುರ್ವೇದದ್ದೂ ಸೇರಿ. ಪಕ್ಕದಲ್ಲಿ ಮಲಗುವವರನ್ನೂ ಕರೆದುಕೊಂಡು ಹೋಗಿ. ರಾತ್ರಿ ನೀವು ಕೂಗಿದಿರಾ, ಒದ್ದಿರಾ, ಉಸಿರು ಕಟ್ಟಿತ್ತಾ ಅಂತ ವೈದ್ಯರು ಕೇಳುವ ಪ್ರಶ್ನೆಗೆ ಉತ್ತರ ಗೊತ್ತಿರುವುದು ಅವರಿಗೆ.